ಹಾಸಿಗೆ ಹೊದ್ದ ಟೆಲಿಫೋನ್ ಕೋಣೆ

ಮೊನ್ನೆ ಬೆಳಿಗ್ಗೆ ನನ್ನ ಮೊಮ್ಮಗ ಶಿವು ಒಂದು ಸ್ಪಂಜಿನ ತುಂಡು ತಂದು ಕೈಗೆ ಕೊಟ್ಟ. ಇದ್ದಿಲಿನ ಬಣ್ಣ, ಮೊಟ್ಟೆ ಇಡುವ ಟ್ರೇಯ ಹಾಗೆ ಉಬ್ಬುತಗ್ಗು. "ಮೂಸಬೇಡ ಅಜ್ಜಿ, ತಿನ್ನೋದಲ್ಲ ಅದು. ಶಬ್ದ ಕುಡಿಯೋ ಸ್ಪಂಜು" ಅಂದ. ಅಷ್ಟರಲ್ಲಿ ನಾನು ಮೂಸಿಯಾಗಿತ್ತು. ಎಂಬತ್ತು ದಾಟಿದ ಮೇಲೆ ಯಾವ ಹೊಸ ವಸ್ತು ಸಿಕ್ಕಿದರೂ ಮೊದಲು ಮೂಸುವುದು, ಆಮೇಲೆ ಬೈಯುವುದು, ಕೊನೆಗೆ ಅದು ಏನೆಂದು ಕೇಳುವುದು ನನ್ನ ಪದ್ಧತಿ.

ಸೊರಬದ ನಮ್ಮ ಅಕ್ಕಿ ಗಿರಣಿ ನಿಂತು ಎಷ್ಟೋ ವರ್ಷಗಳಾದವು. ಅದರ ಗೋದಾಮನ್ನು ಶಿವು ಈಗ ನಾಮಕರಣ, ನಿಶ್ಚಿತಾರ್ಥಗಳಿಗೆ ಕೊಡುವ ಹಾಲ್ ಮಾಡಿದ್ದಾನೆ. ಮಾಡಿದ ಮೇಲೆ ಗೊತ್ತಾಯಿತು, ಒಳಗೆ ಮೈಕಿನಲ್ಲಿ ಯಾರು ಏನು ಹೇಳಿದರೂ ತಗಡಿನ ಮಾಡು ಅದನ್ನು ಮೂರು ಸಲ ತಿರುಗಿ ಹೇಳುತ್ತದೆ. ಮೊದಲ ನಾಮಕರಣದಲ್ಲಿ ಕೂಸಿನ ಹೆಸರು ಏನೆಂದು ಉಂಡು ಎದ್ದವರಿಗೂ ತಿಳಿಯಲಿಲ್ಲ. ಹಾಡಿನ ಗದ್ದಲಕ್ಕೆ ಅಕ್ಕಪಕ್ಕದವರು ಜಗಳಕ್ಕೆ ಬಂದದ್ದು ಬೇರೆ. ಅದಕ್ಕೇ ಶಿವಮೊಗ್ಗದಿಂದ ಒಬ್ಬ ಕಂಟ್ರಾಕ್ಟರನ್ನು ಕರೆಸಿ, ಗೋಡೆ, ಮಾಡು, ಬಾಗಿಲಿಗೆಲ್ಲ ಸ್ಪಂಜು ಬಡಿಸುತ್ತಿದ್ದ.

ಆ ಕಂಟ್ರಾಕ್ಟರ್ ಪಾಪ ಒಳ್ಳೆಯವನು. ಮುದುಕಿ ಅಂತ ಜೋರಾಗಿ, ಬಿಡಿಸಿ ಬಿಡಿಸಿ ವಿವರಿಸಿದ. ಎಲ್ಲ ಕೇಳಿ, "ಅರಳೆ ಹಾಕಿ ನೋಡಿದೀರಾ?" ಅಂದೆ. ನಕ್ಕುಬಿಟ್ಟ. ನಗಲಿ ಬಿಡಿ. ಅವನ ಅಪ್ಪ ಹುಟ್ಟುವ ಮೊದಲೇ ಈ ವಿದ್ಯೆಯನ್ನು ನಾನು ಶಿಕಾರಿಪುರದಲ್ಲಿ ಕಂಡವಳು. ಕಂಡವಳೇನು, ಅದರೊಳಗೆ ಕೂತವಳು. ಕೂತ್ಕೊಳ್ಳಿ, ಹೇಳುತ್ತೇನೆ. ನಿಮಗೂ ಕೆಲಸವಿದ್ದಂತೆ ಕಾಣುವುದಿಲ್ಲ.

ನಾನು ಹುಟ್ಟಿದ್ದು ತೊಗರ್ಸಿಯಲ್ಲಿ. ಐದು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಅಪ್ಪನಿಗೆ ಹೊಲ ಮತ್ತು ಎತ್ತು, ಇವೆರಡರ ಆಚೆ ಏನೂ ತಿಳಿಯದು. ಶಿಕಾರಿಪುರದಲ್ಲಿ ಅಂಗಡಿ ಇಟ್ಟಿದ್ದ ದೊಡ್ಡಪ್ಪ ಗಾಡಿ ಕಟ್ಟಿಸಿಕೊಂಡು ಬಂದು, "ಈ ಕೂಸಿನ್ನ ನಾ ಸಾಕ್ತೀನಿ" ಅಂತ ಎತ್ತಿಕೊಂಡು ಹೋದರು. ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿರಲಿಲ್ಲ. ಮರುವರ್ಷ ನನ್ನ ಎಡಗಿವಿ ಸೋರತೊಡಗಿತು. ಬೆಳ್ಳುಳ್ಳಿ ಎಣ್ಣೆ ಬಿಟ್ಟರು, ಯಾವುದೋ ಸೊಪ್ಪಿನ ರಸ ಹಿಂಡಿದರು, ದಾವಣಗೆರೆಯ ಡಾಕ್ಟರರಿಗೆ ತೋರಿಸಿದರು. ಸೋರುವುದು ನಿಂತಿತು, ಅದರ ಜೊತೆಗೆ ಕೇಳುವುದೂ ನಿಂತಿತು.

ಇನ್ನೊಂದು ಕಿವಿ ಇತ್ತಲ್ಲ ಅನ್ನುತ್ತೀರಿ. ಇತ್ತು. ಆದರೆ ಒಂದೇ ಕಿವಿಯವರಿಗೆ ಸದ್ದು ಯಾವ ಕಡೆಯಿಂದ ಬಂತು ಅನ್ನುವುದು ತಿಳಿಯುವುದಿಲ್ಲ. ಹಿಂದಿನಿಂದ ಗಾಡಿ ಬಂದರೆ ನಾನು ಮುಂದೆ ನೋಡುತ್ತಿದ್ದೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಲ್ಲವೂ ಕಲಸುಮೇಲೋಗರ. ಹಾಗಾಗಿ ಯಾರು ಏನು ಹೇಳಿದರೂ ಸುಮ್ಮನೆ ನಗುವುದನ್ನು ರೂಢಿ ಮಾಡಿಕೊಂಡೆ. ಒಮ್ಮೆ ಸಾವಿನ ಸುದ್ದಿ ತಂದವರ ಮುಂದೆ ನಕ್ಕು ದೊಡ್ಡಮ್ಮನಿಂದ ತಲೆಗೆ ಮೊಟಕಿಸಿಕೊಂಡದ್ದೂ ಉಂಟು.

ಇನ್ನು ದೊಡ್ಡಪ್ಪ. ಊರಿಗೆಲ್ಲ ಅವರು ರುದ್ರಪ್ಪ ಸಾವ್ಕಾರ್ರು. ಪೇಟೆ ಬೀದಿಯಲ್ಲಿ ಮುಂದೆ ಬೆಲ್ಲ, ಮೆಣಸಿನಕಾಯಿಯ ಅಂಗಡಿ, ಹಿಂದೆ ಮನೆ. ಆಳು ಗಿಡ್ಡ, ದನಿ ಮಾತ್ರ ಗುಡುಗು. ಅವರಿಗೆ ಪಿಸುಮಾತು ಅನ್ನುವುದೇ ಬರುತ್ತಿರಲಿಲ್ಲ. ಗುಟ್ಟು ಹೇಳಬೇಕಾದರೆ ಆಚೀಚೆ ನೋಡಿ, ಮೈ ಬಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತಿಗೆ ಬೇಕಾದ ಸಕಲ ಸಿದ್ಧತೆಯನ್ನೂ ಮಾಡಿಕೊಂಡು, ಕೊನೆಗೆ ಎಂದಿನ ದನಿಯಲ್ಲೇ ಕೂಗುತ್ತಿದ್ದರು.

ಇಂಥವರ ಅಂಗಡಿಗೆ ಟೆಲಿಫೋನ್ ಬಂತು. ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ಸಾವ್ಕಾರ್ರ ದನಿಗೆ ಫೋನು ಯಾಕೆ, ಬಾಗಿಲಲ್ಲಿ ನಿಂತು ಕೂಗಿದರೆ ದಾವಣಗೆರೆಗೇ ಕೇಳುತ್ತದಲ್ಲ ಎಂಬ ಹಳಸಿದ ತಮಾಷೆಯನ್ನು ನಾನು ಹೇಳುವುದಿಲ್ಲ, ಊರಿನವರು ಬೇಕಾದಷ್ಟು ಹೇಳಿದ್ದಾರೆ. ಪರಊರಿನಿಂದ ಟ್ರಂಕ್ ಕಾಲ್ ಬಂದರೆ ಎದುರಿನ ಹೋಟೆಲ್ಲಿಗೆ ಸುಗ್ಗಿ. ನಮ್ಮ ಗಂಟೆ ಹೊಡೆದದ್ದು ಕೇಳಿದ ಕೂಡಲೇ ಹೋಟೆಲ್ಲಿನವನು ಒಲೆಗೆ ಇನ್ನೊಂದು ಸೌದೆ ಇಡುತ್ತಿದ್ದ. ಚಾ ಕುಡಿದು ಎದ್ದವರೂ ಮತ್ತೆ ಕೂರುತ್ತಿದ್ದರು.

ನನಗಾಗ ಹದಿನೆಂಟು ತುಂಬಿತ್ತು. ದೊಡ್ಡಮ್ಮ ನನ್ನನ್ನು ನೋಡಿ ದಿನಕ್ಕೆ ಮೂರು ಹೊತ್ತು ನಿಟ್ಟುಸಿರು ಬಿಡುತ್ತಿದ್ದಳು. ಮದುವೆಯ ಮಾತು ಗಟ್ಟಿಯಾಗುವ ತನಕ ಬಾಯಿ ಬಿಡಬಾರದು ಅನ್ನುವುದು ನಮ್ಮ ಕಡೆಯ ನೇಮ, ಬಿಟ್ಟರೆ ಕಲ್ಲು ಹಾಕುವವರು ಕಾದಿರುತ್ತಾರೆ. ಹರಿಹರದ ಕಡೆಯ ಒಬ್ಬ ಹುಡುಗನ ಬಗ್ಗೆ ದೊಡ್ಡಪ್ಪ ದಾವಣಗೆರೆಯ ನೆಂಟರೊಬ್ಬರಿಗೆ ಫೋನು ಮಾಡಿ ಗುಟ್ಟಾಗಿ ವಿಚಾರಿಸಿದರು. "ಹುಡ್ಗ ಬೀಡಿ ಸೇದ್ತಾನೇನು? ಇಲ್ಲಾ? ಇಸ್ಪೀಟು? ಅದೂ ಇಲ್ಲಾ? ತಾಯಿ ಹೆಂಗೆ? ಬಾಳ ಚಲೋನಾ?" ಹೋಟೆಲ್ಲಿನಲ್ಲಿ ಕೂತಿದ್ದ ಬಟ್ಟೆ ವ್ಯಾಪಾರಿಯೊಬ್ಬರಿಗೂ ಮದುವೆಗೆ ಬಂದ ಮಗಳಿದ್ದಳು. ಅವರು ಮರುದಿನ ಬೆಳಗಿನ ಬಸ್ಸಿಗೇ ಹರಿಹರಕ್ಕೆ ಹೊರಟರು. ದೊಡ್ಡಪ್ಪ ಸೋಸಿ, ಕೇರಿ, ಬೀಡಿ ಸೇದುವುದಿಲ್ಲ ಎಂದು ಖಾತ್ರಿ ಮಾಡಿಕೊಟ್ಟ ವರ ಅವರ ಅಳಿಯನಾದ. ಲಗ್ನಪತ್ರಿಕೆ ನಮಗೂ ಬಂತು. ದೊಡ್ಡಪ್ಪ ಹೋಗಿ ಉಂಡು ಬಂದು, "ಹುಡ್ಗ ನಾ ತಿಳ್ಕೊಂಡಿದ್ದಕ್ಕಿಂತ ಚಲೋ ಅದಾನೆ" ಅಂತ ಎರಡು ದಿನ ಮಂಕಾಗಿದ್ದರು.

ಎರಡನೆಯದು ಇನ್ನೂ ಚೆಂದ. ರಾಣೆಬೆನ್ನೂರಿನ ಸಂಬಂಧ. ನಡುವೆ ಮಾತಾಡುತ್ತಿದ್ದವರಿಗೆ ಎಚ್ಚರಿಕೆ ಕೊಡಲೆಂದೇ ದೊಡ್ಡಪ್ಪ ಟ್ರಂಕ್ ಕಾಲ್ ಹಾಕಿಸಿದರು. "ಮಾದೇವಪ್ಪಾ, ಹುಡುಗಿಗೆ ಎಡಗಿವಿ ಕೇಳಂಗಿಲ್ಲ ಅನ್ನೋದನ್ನ ಅವರ ಮುಂದೆ ಬಾಯಿ ಬಿಡಬ್ಯಾಡ ಮತ್ತೆ! ಏನು? ಕೇಳಿಸ್ವಲ್ದಾ? ಎಡಗಿವಿ! ಎಡ! ಊಟ ಮಾಡೋ ಕೈಯಲ್ಲ, ಇನ್ನೊಂದು ಕೈ ಕಡೇದು!" ಅಲ್ಲಿಯ ತನಕ ನನ್ನ ಕಿವಿಯ ಸಂಗತಿ ಮನೆಯ ಮೂವರಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಟೆಲ್ಲಿನಲ್ಲಿ ಲೋಟಗಳು ಅರ್ಧಕ್ಕೇ ನಿಂತವಂತೆ. ವಾರದೊಳಗೆ ರಾಣೆಬೆನ್ನೂರಿಗೆ ಮೂಗರ್ಜಿ ಮುಟ್ಟಿತು. ಅವರು ಹಿಂದೆ ಸರಿದರು.

ದೊಡ್ಡಪ್ಪ ಅವತ್ತು ಊಟ ಬಿಟ್ಟರು. ನಾನು ಹತ್ತಿರ ಕೂತು, "ಮುಂದೆ ಬರೋರಿಗೆ ನಿಜಾನೇ ಹೇಳಿಬಿಡಿ ದೊಡ್ಡಪ್ಪ" ಅಂದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರೆ. ನಾ ಒಂದೂ ಹೇಳಾಕತ್ತಿಲ್ಲ. ಸುಮ್ನೆ ಇರ್ತೀನಿ, ಅಷ್ಟೇ."

ಅವರು ಸುಮ್ಮನಿರುವುದು! ನಗು ಬರಬೇಕಿತ್ತು, ಬರಲಿಲ್ಲ. "ಆಮೇಲೆ ಗೊತ್ತಾದ್ರೆ?" ಅಂದೆ.

"ಆಮೇಲೆ ನೀ ಅವರ ಮನಿ ಸೊಸಿ. ಒಂದು ಕಿವಿಗೆ ಯಾರರ ಸೊಸಿನ್ನ ವಾಪಸ್ ಕಳಿಸ್ತಾರೇನು?"

ಕಳಿಸುತ್ತಾರೆ. ನಮ್ಮ ಬೀದಿಯಲ್ಲೇ, ಬೆನ್ನ ಮೇಲಿನ ಬಿಳಿ ಕಲೆಯನ್ನು ಮುಚ್ಚಿಟ್ಟು ಮದುವೆ ಮಾಡಿಕೊಟ್ಟ ಹುಡುಗಿ ಆರೇ ತಿಂಗಳಿಗೆ ಟ್ರಂಕು ಹಿಡಿದು ಬಸ್ಸಿಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳು ಆಮೇಲೆ ಬಾವಿಗೆ ನೀರಿಗೆ ಬಂದಾಗಲೂ ತಲೆ ಎತ್ತುತ್ತಿರಲಿಲ್ಲ. ಒಂದಲ್ಲ ಒಂದು ದಿನ ಅತ್ತೆ ಎಡಗಡೆಯಿಂದ ಕರೆಯುತ್ತಾರೆ, ನಾನು ತಿರುಗುವುದಿಲ್ಲ, ಅವತ್ತು ನನ್ನ ಟ್ರಂಕೂ ಹೊರಬೀಳುತ್ತದೆ ಅನ್ನುವ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿತು. ಮದುವೆ ಬೇಡವೆಂದಲ್ಲ. ಹೆದರಿಕೊಂಡು ಬಾಳುವುದು ಬೇಡವಾಗಿತ್ತು. ಅದನ್ನು ಹೇಳಿದರೆ ಕೇಳುವವರು ಯಾರು? ನಮ್ಮ ಮನೆಯಲ್ಲಿ ಒಂದು ದನಿಗೆ ಮಾತ್ರ ಜಾಗವಿತ್ತು.

ಅಷ್ಟರಲ್ಲಿ ಸೊರಬದ ಸಂಬಂಧ ಬಂತು. ಅಕ್ಕಿ ಗಿರಣಿಯವರು, ಒಬ್ಬನೇ ಮಗ. ದೊಡ್ಡಮ್ಮನದು ಮಾತ್ರ ಒಂದು ತಕರಾರು. "ಅಲ್ಲಿ ಕ್ಯಾಸನೂರು ಕಡೆ ಮಂಗ ಸತ್ರೆ ಮನುಷ್ಯರಿಗೆ ಜ್ವರ ಬರ್ತೈತಂತಲ್ರಿ?" ದೊಡ್ಡಪ್ಪ, "ನಾವು ಕೊಡೋದು ಗಿರಣಿಗೆ, ಅಡವಿಗಲ್ಲ" ಅಂದರು. ಆದರೆ ಮಾತು ಮುಂದುವರಿಸುವ ಮೊದಲು ಫೋನಿಗೊಂದು ವ್ಯವಸ್ಥೆ ಆಗಲೇಬೇಕಿತ್ತು. ತಮ್ಮ ದನಿಯನ್ನು ತಗ್ಗಿಸಬಹುದು ಅನ್ನುವ ದಾರಿ ಅವರಿಗೂ ಹೊಳೆಯಲಿಲ್ಲ, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂಗಡಿಗೂ ಮನೆಗೂ ನಡುವೆ ಬೆಲ್ಲದ ಪೆಂಟೆ ಇಡುವ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಫೋನನ್ನು ಅಲ್ಲಿಗೆ ಸಾಗಿಸಿ, ಕೋಣೆಯಿಂದ ಮಾತು ಹೊರಬೀಳದಂತೆ ಮಾಡುವುದೆಂದು ತೀರ್ಮಾನವಾಯಿತು.

ಮೊದಲು ಗೋಣಿಚೀಲಗಳಿಗೆ ಭತ್ತದ ಹೊಟ್ಟು ತುಂಬಿಸಿ ಗೋಡೆಗೆ ಒಟ್ಟಿದರು. ಮಾತೇನೋ ಸ್ವಲ್ಪ ತಗ್ಗಿತು. ಆದರೆ ಹೊಟ್ಟಿನಲ್ಲಿ ಉಳಿದ ಕಾಳಿಗೆ, ಕೆಳಗಿದ್ದ ಬೆಲ್ಲಕ್ಕೆ ಊರಿನ ಇಲಿಗಳೆಲ್ಲ ಬಂದು ಸಂಸಾರ ಹೂಡಿದವು. ಮಾತಿನ ನಡುವೆ ಒಂದು ಇಲಿ ಪಾದದ ಮೇಲೆ ಹಾದುಹೋಗಿ, ದೊಡ್ಡಪ್ಪ ಹೊಡೆದ ಕೂಗು ಹುಚ್ಚರಾಯನ ಗುಡಿಯ ತನಕ ಕೇಳಿತಂತೆ. ಹೊಟ್ಟು ತಿಪ್ಪೆ ಸೇರಿತು.

ಆಗ ಬಂದವರು ಪಿಂಜಾರ ಇಮಾಮ್ ಸಾಬರು. ಹೆಗಲ ಮೇಲೆ ಬಿಲ್ಲು ಹೊತ್ತು ಮನೆಮನೆಗೆ ಬಂದು, ಟೊಂಯ್ ಟೊಂಯ್ ಎಂದು ಅರಳೆ ಹಿಂಜಿ ಹಾಸಿಗೆ ಮಾಡಿಕೊಡುತ್ತಿದ್ದವರು. ಹಾಳು ಕೋಣೆಯನ್ನು ನೋಡಿ ಗಡ್ಡ ಸವರಿಕೊಂಡು ಹೇಳಿದರು. "ಸಾವ್ಕಾರ್ರೇ, ಮದುವಿ ಮನ್ಯಾಗೆ ಹಾಸಿಗಿ ಒಟ್ಟಿದ ಕೋಣಿ ಇರ್ತದಲ್ರಿ, ಅದ್ರಾಗ್ ನಿಂತು ಮಾತಾಡಿ ನೋಡ್ರಿ. ಮಾತು ಬಾಯಿ ಮುಂದೇ ಬಿದ್ದು ಸಾಯ್ತದೆ. ಅರಳಿ ಮಾತು ಕುಡೀತದ್ರಿ."

"ನನ್ನ ಮಾತೂ ಕುಡೀತದಾ?"

ಇಮಾಮ್ ಸಾಬರು ದೊಡ್ಡಪ್ಪನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದರು. "ನಿಮಗ ಎರಡು ಪದರ ಹಾಕಾಣ್ರಿ."

ಹದಿನೈದು ದಿನ ನಮ್ಮ ಹಿತ್ತಲಲ್ಲಿ ಟೊಂಯ್ ಟೊಂಯ್. ಸದ್ದು ಅಡಗಿಸಲು ಎಷ್ಟು ಸದ್ದು ಬೇಕೆಂದು ನನಗೆ ಆಗ ತಿಳಿಯಿತು. ಅಂಗಳವೆಲ್ಲ ಅರಳೆ ಹಾರಾಡಿ, ಸಾರಿನಲ್ಲೂ ಒಂದೆರಡು ಎಳೆ ತೇಲಿದವು. ಪಟ್ಟೆ ಬಟ್ಟೆಯ ಹಾಸಿಗೆಗಳನ್ನು ನಾಲ್ಕು ಗೋಡೆಗೂ, ಮೇಲಿನ ಹಲಗೆಗೂ, ಬಾಗಿಲಿನ ಒಳಮೈಗೂ ಮೊಳೆ ಹೊಡೆದು, ಸಂದುಗೊಂದಿಗೆಲ್ಲ ಅರಳೆ ತುರುಕಿ, ಇಮಾಮ್ ಸಾಬರು ಕೈ ಒರೆಸಿಕೊಂಡರು. ಪರೀಕ್ಷೆಯ ದಿನ ಬಂತು. ದೊಡ್ಡಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂಗುವುದು, ನಾವು ಹೊರಗೆ ನಿಂತು ಕೇಳುವುದು. ದೊಡ್ಡಮ್ಮ ಬಾಗಿಲಿಗೆ ಕಿವಿ ಇಟ್ಟಳು, ಏನೂ ಇಲ್ಲ. ಇಮಾಮ್ ಸಾಬರು ಇಟ್ಟರು, ಏನೂ ಇಲ್ಲ. ನಾನಂತೂ ಎರಡೂ ಕಿವಿಯನ್ನು ಸರದಿಯಂತೆ ಇಟ್ಟೆ. "ಯಾ ಅಲ್ಲಾ, ಗೆದ್ವಿ!" ಎಂದು ಇಮಾಮ್ ಸಾಬರು ಕುಣಿದರು. ದೊಡ್ಡಮ್ಮ ಅವರಿಗೆ ಬೆಲ್ಲ, ನೀರು ಕೊಟ್ಟಳು. ಅವರು ಕುಡಿದರು. ಊರಿನ ಸುದ್ದಿ ಒಂದಿಷ್ಟು ಆಯಿತು. ಆಮೇಲೆ ದೊಡ್ಡಮ್ಮನೇ, "ಇವ್ರು ಯಾಕೆ ಇನ್ನೂ ಬರ್ಲಿಲ್ಲ?" ಅಂದಳು.

ಮೂವರೂ ಸೇರಿ ಬಾಗಿಲನ್ನು ನೂಕಿ ತೆಗೆದೆವು. ದೊಡ್ಡಪ್ಪ ಬೆವರಲ್ಲಿ ಮಿಂದು, ಅಂಗಿ ಕಳಚಿ, ಕೆಂಡವಾಗಿ ನಿಂತಿದ್ದರು. ಒಳಗಿನ ಹಿಡಿಯ ಮೇಲೆಯೇ ಹಾಸಿಗೆ ಹೊಡೆದದ್ದರಿಂದ ಅವರಿಗೆ ಬಾಗಿಲು ಎಳೆಯಲು ಬಂದಿರಲಿಲ್ಲ. "ಅರ್ಧ ತಾಸಾತು, ಸತ್ನೆಪ್ಪೋ ಬಾಗ್ಲು ತೆಗೀರ್ರಿ ಅಂತ ಬಡ್ಕೊಳಾಕತ್ತೀನಿ! ಯಾರಿಗೂ ಕೇಳ್ಲಿಲ್ಲೇನು?" ಕೇಳಿಲ್ಲವೆಂದು ನಾವು ಆಣೆ ಮಾಡಿದೆವು. ಅವರ ಮುಖದ ಸಿಟ್ಟು ನಿಧಾನವಾಗಿ ಇಳಿದು, ದೊಡ್ಡದೊಂದು ನಗು ಅರಳಿತು. "ನಿಜವಾಗ್ಲೂ ಕೇಳ್ಲಿಲ್ಲಾ?" ಎಂದು ಮೂರು ಸಲ ಕೇಳಿ, ಹಿಡಿಯ ಮೇಲಿನ ಹಾಸಿಗೆಯಷ್ಟನ್ನು ಕೊಯ್ಯಿಸಿ, ಇಮಾಮ್ ಸಾಬರಿಗೆ ಹೊಸ ರುಮಾಲು ಸುತ್ತಿಸಿದರು.

ಆಮೇಲೆ ನಾಲ್ಕು ದಿನ ಒಂದೂ ಫೋನು ಬರಲಿಲ್ಲ. ಎಷ್ಟು ನೆಮ್ಮದಿ ಎಂದು ದೊಡ್ಡಪ್ಪ ಹೊಗಳಿಕೊಂಡರು. ಐದನೆಯ ದಿನ ಸೊರಬದಿಂದ ಕಾರ್ಡು ಬಂತು. 'ತಮಗೆ ಮೂರು ದಿನದಿಂದ ಟೆಲಿಫೋನ್ ಮಾಡುತ್ತಿದ್ದೇವೆ. ಯಾರೂ ತೆಗೆಯುತ್ತಿಲ್ಲ. ಸಂಬಂಧ ಇಷ್ಟವಿಲ್ಲದಿದ್ದರೆ ತಿಳಿಸಿಬಿಡಬೇಕಾಗಿ ವಿನಂತಿ.' ಒಳಗಿನ ಮಾತು ಹೊರಗೆ ಬರದ ಕೋಣೆಯಿಂದ ಫೋನಿನ ಗಂಟೆಯಾದರೂ ಹೇಗೆ ಬಂದೀತು? ನಾವು ಮೂವರೂ, ಇಮಾಮ್ ಸಾಬರನ್ನೂ ಸೇರಿಸಿದರೆ ನಾಲ್ವರೂ, ಅದನ್ನು ಯೋಚಿಸಿರಲೇ ಇಲ್ಲ.

ಈಗ ಒಳಗೆ ಯಾರಾದರೂ ಗಂಟೆ ಕಾಯುತ್ತ ಕೂರಬೇಕು. ಗುಮಾಸ್ತನನ್ನು ಕೂರಿಸಿದರೆ ಗುಟ್ಟು ಹೋಟೆಲ್ಲಿಗೆ ಹೋಗುತ್ತದೆ. ದೊಡ್ಡಮ್ಮನಿಗೆ ಫೋನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ಭಯ. ಉಳಿದವಳು ನಾನು. ಯಾರ ಮದುವೆಯ ಮಾತನ್ನು ಯಾರಿಗೂ ಕೇಳಿಸಬಾರದೆಂದು ಇಷ್ಟೆಲ್ಲ ಮಾಡಿದರೋ, ಆ ಹುಡುಗಿಯನ್ನೇ, ಅದೂ ಒಂದೇ ಕಿವಿಯವಳನ್ನು, ಕೇಳಿಸಿಕೊಳ್ಳುವ ಕೆಲಸಕ್ಕೆ ಇಟ್ಟರು. "ಗಂಟಿ ಹೊಡೆದ್ರೆ ಎತ್ತಿ 'ತಡೀರಿ' ಅನ್ನು, ಬಂದು ನನ್ನ ಕರಿ. ಬ್ಯಾರೆ ಒಂದು ಮಾತು ಆಡಂಗಿಲ್ಲ" ಎಂದು ಕಟ್ಟಪ್ಪಣೆಯಾಯಿತು.

ಆ ಕೋಣೆಯ ಮೊದಲ ದಿನವನ್ನು ಹೇಗೆ ಹೇಳಲಿ ನಿಮಗೆ? ಸೆಕೆ 'ಅಯ್ಯಪ್ಪಾ' ಅನ್ನಿಸುವಷ್ಟಿತ್ತು. ಬೆಲ್ಲದ ವಾಸನೆ, ಹೊಸ ಅರಳೆಯ ವಾಸನೆ. ಬಾಗಿಲು ಹಾಕಿದೊಡನೆ ಬೀದಿ, ಗಾಡಿ, ಒರಳು, ದೊಡ್ಡಪ್ಪ, ಎಲ್ಲವೂ ಒಮ್ಮೆಗೇ ಇಲ್ಲವಾದವು. ನಾನು ಕೈ ಎತ್ತಿದೆ. ಬಳೆ ಸದ್ದಾಯಿತು. ಅಷ್ಟು ಸಣ್ಣ ಸದ್ದನ್ನು ನಾನು ಅಷ್ಟು ಸ್ಪಷ್ಟವಾಗಿ ಅದುವರೆಗೆ ಕೇಳಿರಲೇ ಇಲ್ಲ. "ಅವ್ವಾ" ಅಂದೆ, ಸುಮ್ಮನೆ. ನನ್ನ ದನಿ ಹೀಗಿದೆಯೇ ಅನ್ನಿಸಿತು. ಒಳ್ಳೆಯ ದನಿಯೇ ಇತ್ತು. ಹದಿಮೂರು ವರ್ಷ ಆ ಮನೆಯಲ್ಲಿದ್ದು ನನ್ನ ದನಿಯನ್ನು ನಾನೇ ಕೇಳಿಸಿಕೊಂಡಿರಲಿಲ್ಲ ಅಂತ ತಿಳಿದು ಕಣ್ಣು ತುಂಬಿತು. ಆಮೇಲೆ ದಿನಾ ಅಲ್ಲಿ ಕೂತು ಹಳೆಯ ಪಠ್ಯಪುಸ್ತಕವನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಗೋಡೆಯ ಹಾಸಿಗೆಗೆ ತಲೆಯಿಟ್ಟು ಒಂದೆರಡು ಸಲ ಗೊರಕೆ ಹೊಡೆದದ್ದೂ ಸುಳ್ಳಲ್ಲ.

ಒಂದು ದಿನ ದೊಡ್ಡಪ್ಪ ಭತ್ತ ನೋಡಲು ಈಸೂರಿಗೆ ಹೋಗಿದ್ದರು. ಮಧ್ಯಾಹ್ನ ಗಂಟೆ ಹೊಡೆಯಿತು. ಎಕ್ಸ್‌ಚೇಂಜಿನವರು, "ಸೊರಬದಿಂದ ಟ್ರಂಕ್ ಕಾಲ್, ಮಾತಾಡಿ" ಅಂದರು.

"ನಮಸ್ಕಾರ. ಸಾವ್ಕಾರ್ರು ಇದಾರಾ?" ಮೆತ್ತಗಿನ ದನಿ. ಹೊರಗಡೆಯಾಗಿದ್ದರೆ ನನಗೆ ಖಂಡಿತ ಕೇಳುತ್ತಿರಲಿಲ್ಲ.

"ಈಸೂರಿಗೆ ಹೋಗಿದಾರೆ. ತಾವ್ಯಾರು?"

"ನಾನು ಗಿರಣಿಯಿಂದ... ಮಾತುಕತೆ ನಡೀತಾ ಇದೆಯಲ್ಲ, ಆ ಹುಡುಗ. ಅಪ್ಪ ಬರೋ ಸೋಮವಾರ ಹೆಣ್ಣು ನೋಡಾಕೆ ಬರ್ತೀವಿ ಅಂತ ಹೇಳಕ್ಕೆ ಹೇಳಿದ್ರು. ನೀವು ಯಾರು?"

'ತಡೀರಿ' ಅನ್ನಬೇಕಿತ್ತು. ಇಲ್ಲವೇ ಸುಮ್ಮನೆ ಇಡಬೇಕಿತ್ತು. ಸುತ್ತ ನೋಡಿದೆ, ಪಟ್ಟೆ ಪಟ್ಟೆ ಹಾಸಿಗೆ. ಇಲ್ಲಿ ಆಡಿದ್ದು ಯಾರಿಗೂ ಕೇಳುವುದಿಲ್ಲ. "ನಾನೇ, ಹುಡುಗಿ" ಅಂದೆ.

ಅವರು ಫೋನು ಇಟ್ಟು ಓಡಿಹೋಗುವ ಮೊದಲೇ ಎಂದು ಗಡಬಡಿಸಿ ಒಂದೇ ಉಸಿರಿಗೆ ಹೇಳಿಬಿಟ್ಟೆ. "ನನ್ನ ಎಡಗಿವಿ ಕೇಳ್ಸೋದಿಲ್ಲ. ಸಣ್ಣವಳಿದ್ದಾಗಿಂದ. ನಮ್ಮನೆಯವರು ನಿಮಗೆ ಹೇಳಿಲ್ಲ, ಹೇಳೋದೂ ಇಲ್ಲ. ನಾನು ಹೇಳ್ದೆ. ಮದುವೆ ಆದ್ಮೇಲೆ ವಾಪಸ್ ಕಳ್ಸೋದಾದ್ರೆ ಈಗ್ಲೇ ಬರಬೇಡಿ." ಸಾಕಿದವರ ಮಾತು ಮೀರಿದ್ದೆ. ಮೂರನೆಯ ಸಂಬಂಧಕ್ಕೆ ನಾನೇ ಕಲ್ಲು ಹಾಕಿಕೊಂಡಿದ್ದೆ.

"ಎಡಗಿವಿನಾ?" ಅಂದರು.

"ಹೂಂ."

"ಹೆಂಡತಿ ಗಂಡನ ಎಡಗಡೆ ಕೂರೋದು ತಾನೆ ಪದ್ಧತಿ? ಅಂದ್ರೆ ನಾನು ಯಾವಾಗ್ಲೂ ನಿಮ್ಮ ಬಲಕ್ಕೇ ಇರ್ತೀನಲ್ಲ. ಮತ್ತೇನು ತೊಂದ್ರೆ?" ಆಮೇಲೆ, ನಾನು ಅಳುತ್ತಿದ್ದೇನೆ ಅಂತ ಗೊತ್ತಾಗಿಯೋ ಏನೋ, "ನಮ್ಮ ಗಿರಣಿ ಇಂಜಿನ್ ಹಾಕಿದ್ರೆ ಎರಡು ಕಿವಿ ಇರೋರಿಗೂ ಏನೂ ಕೇಳ್ಸಲ್ಲ. ನಾವೆಲ್ಲ ಕೈಸನ್ನೇಲೇ ಮಾತಾಡೋದು. ನಿಮಗೂ ಕಲಿಸ್ತೀನಿ" ಅಂದರು.

ನಾನು ಕಣ್ಣು ಒರೆಸಿಕೊಳ್ಳುತ್ತಿರುವಾಗ ನಡುವೆ ಇನ್ನೊಂದು ದನಿ ಬಂತು. "ಮೂರು ನಿಮಿಷ ಆಯ್ತು." ಎಕ್ಸ್‌ಚೇಂಜಿನವರು. ಆಮೇಲೆ ಅದೇ ದನಿ ಮೆಲ್ಲಗೆ, "ಒಳ್ಳೇ ಹುಡುಗ ಕಣಮ್ಮ, ಒಪ್ಕೊಂಡುಬಿಡು" ಅಂದಿತು. ನಾಲ್ಕು ಗೋಡೆಗೆ ಎರಡು ಪದರ ಅರಳೆ ಬಡಿಸಿದ ನಾವು ತಂತಿಗೆ ಏನೂ ಸುತ್ತಿರಲಿಲ್ಲ!

ದೊಡ್ಡಪ್ಪನಿಗೆ ಅವರು ಬರುವ ದಿನವನ್ನಷ್ಟೇ ಮುಟ್ಟಿಸಿದೆ. ಸೋಮವಾರ ಅವರು ಬಂದರು. ದೊಡ್ಡಪ್ಪ ಬೆಳಿಗ್ಗೆಯೇ ನನ್ನ ಎಡಗಡೆ ಗೋಡೆ ಬರುವಂತೆ ಚಾಪೆ ಹಾಸಿ, ಸಾಲದೆಂದು ನಡುವೆ ಒಂದು ಹಿತ್ತಾಳೆಯ ಕೊಡ ಇಟ್ಟಿದ್ದರು. ಹುಡುಗನ ತಾಯಿ ಏನು ಕೇಳಿದರೂ ನನಗಿಂತ ಮೊದಲು ತಾವೇ ಗುಡುಗುತ್ತಿದ್ದರು. "ಅಡುಗೆ ಬರುತ್ತಾ?" ಅಂದರೆ "ಬಾಳ ಚಲೋ ಮಾಡ್ತೀನ್ರಿ!" ಅಂದುಬಿಟ್ಟರು. ಆ ತಾಯಿ, ಅಂದರೆ ನನ್ನ ಅತ್ತೆ, ಕೊಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೆರಗಿನ ಮರೆಯಲ್ಲಿ ನಕ್ಕರು. ಮಗ ಮನೆಯಲ್ಲಿ ಎಲ್ಲವನ್ನೂ ಹೇಳಿದ್ದರು ಅನ್ನುವುದು ನನಗೆ ಆಗಲೇ ತಿಳಿಯಿತು. ಹೊರಡುವಾಗ ಅತ್ತೆ ನನ್ನ ಬಲಗಿವಿಯ ಹತ್ತಿರ ಬಂದು, "ನಮ್ಮ ಮಾವನೋರಿಗೆ ಎರಡೂ ಕೇಳ್ತಿರಲಿಲ್ಲ ಮಗಾ. ಆದ್ರೂ ಊರಿನ ಸುದ್ದಿ ಮೊದ್ಲು ಗೊತ್ತಾಗ್ತಿದ್ದಿದ್ದು ಅವರಿಗೇ" ಅಂದರು. "ನಿಮ್ಮ ದೊಡ್ಡಪ್ಪಂಗೆ ನಮಗೆ ಗೊತ್ತು ಅಂತ ಹೇಳಬೇಡ. ಪಾಪ, ಅಷ್ಟು ಕಷ್ಟಪಟ್ಟಾರೆ, ನಾಚ್ಕೋತಾರೆ."

ಮದುವೆಯ ಹಿಂದಿನ ದಿನ ದೊಡ್ಡಮ್ಮ ತಲೆ ಬಾಚುತ್ತ ಒಂದು ಮಾತು ಹೇಳಿದಳು. "ಇವರು ಮೊದ್ಲಿಂದ ಹಿಂಗೆ ಕೂಗೋರಲ್ಲ ಮಗಾ. ನಿನ್ನ ಕಿವಿ ಹೋತಲ್ಲ, ಅವಾಗಿಂದ ಕೂಸಿಗೆ ಕೇಳ್ಲಿ ಅಂತ ಜೋರಾಗಿ ಮಾತಾಡಾಕತ್ರು. ಅದೇ ಗಂಟ್ಲು ಹಂಗೇ ನಿಂತುಬಿಡ್ತು." ಹನ್ನೆರಡು ವರ್ಷ ಆ ದನಿಗೆ ನಾಚಿ ಸತ್ತಿದ್ದೆ, ಹಾಳಾದ ದನಿ ಅಂತ ಮನಸ್ಸಿನಲ್ಲೇ ಬೈದಿದ್ದೆ. ದೊಡ್ಡಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಳಬಾರದು, ನಾಳೆ ಮದುವೆ ಅಂತ ಅವಳೂ ಅತ್ತಳು.

ಸೊರಬಕ್ಕೆ ಬಂದ ಮೇಲೆ ದೊಡ್ಡಪ್ಪ ಎರಡು ತಿಂಗಳಿಗೊಮ್ಮೆ ನನ್ನನ್ನು ನೋಡಲು ಬರುತ್ತಿದ್ದರು. ಬಂದವರೇ ನನ್ನನ್ನು ಗಿರಣಿಯ ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ, ಇಂಜಿನ್ನಿನ ಗದ್ದಲದ ಮರೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅವರು ನೆಮ್ಮದಿಯಿಂದ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಮೂರನೆಯ ಸಲವೋ ನಾಲ್ಕನೆಯ ಸಲವೋ, ಅವರು ಬಾಯಿ ತೆರೆಯುವುದಕ್ಕೂ ಇಂಜಿನ್ ಕೆಮ್ಮಿ ನಿಲ್ಲುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ಭತ್ತ ತಂದ ರೈತರು, ಚೀಲ ಹೊಲಿಯುವವರು, ಅಕ್ಕಿ ಕೇರುತ್ತಿದ್ದ ಹೆಂಗಸರು, ನನ್ನ ಅತ್ತೆ, ನನ್ನ ಗಂಡ, ಇಪ್ಪತ್ತು ಜನಕ್ಕೆ ಕಡಿಮೆಯಿರಲಿಲ್ಲ. ಆ ಮೌನದಲ್ಲಿ ದೊಡ್ಡಪ್ಪನ ಪಿಸುಮಾತು ಮೊಳಗಿತು.

"ಕಿವಿ ವಿಷ್ಯ ಇನ್ನೂ ಯಾರಿಗೂ ಗೊತ್ತಾಗಿಲ್ಲ ಹೌದಿಲ್ಲೋ?"

ದೊಡ್ಡಪ್ಪ ಕಲ್ಲಾಗಿ ನಿಂತರು. ಆದರೆ ಒಬ್ಬರೂ ತಲೆ ಎತ್ತಲಿಲ್ಲ. ಚೀಲ ಹೊಲಿಯುವವನ ದಬ್ಬಳ ನಿಲ್ಲಲಿಲ್ಲ. ರೈತರು ಆಕಾಶ ನೋಡಿದರು. ಅತ್ತೆ ಮೊರವನ್ನು ಕೆಳಗಿಟ್ಟು, ಕಿವಿಗೆ ಕೈ ಹಿಡಿದು, "ಏನೋ ಅಂದ್ರಲ್ಲ ಬೀಗರು? ಈ ಇಂಜಿನ್ ಸದ್ದಿಗೆ ನಂಗೊಂದೂ ಕೇಳ್ಸಲ್ಲ ನೋಡಿ" ಅಂದರು. ಇಂಜಿನ್ ನಿಂತೇ ಇತ್ತು. ದೊಡ್ಡಪ್ಪ ಎದೆ ಮೇಲೆ ಕೈಯಿಟ್ಟು, ನನ್ನ ಕಡೆ ಬಗ್ಗಿ, ಇಡೀ ಅಂಗಳಕ್ಕೆ ಕೇಳುವಂತೆ, "ಬಚಾವಾದ್ವಿ!" ಅಂದರು.

ಅವರು ತೀರಿಕೊಳ್ಳುವ ತನಕ ಯಾರೂ ಅವರಿಗೆ ನಿಜ ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಂದು ಗುಟ್ಟನ್ನು ಒಬ್ಬ ಮನುಷ್ಯನಿಗಾಗಿ ಒಂದು ಊರು ಇಪ್ಪತ್ತೈದು ವರ್ಷ ಕಾಪಾಡಿತು.

ಸ್ಪಂಜಿನ ಕೆಲಸ ನಿನ್ನೆ ಮುಗಿಯಿತು. ನಮ್ಮ ಮನೆಯವರಿಗೆ ಗಿರಣಿಯ ದಯದಿಂದ ಈಗ ಎರಡೂ ಕಿವಿ ಮಂದ. ಇಬ್ಬರ ಸಂಸಾರಕ್ಕೆ ಉಳಿದಿರುವುದು ಒಂದು ಕಿವಿ, ಅದು ನನ್ನದು. ಅವರು ಮಧ್ಯಾಹ್ನ ಮಲಗಿದ್ದಾಗ ನಾನೊಬ್ಬಳೇ ಹಾಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಾಗೇ ನಿಂತೆ. ನನ್ನ ಉಸಿರು ಕೇಳಿತು. ಇಷ್ಟು ವರ್ಷ ನಾನು ದೊಡ್ಡಪ್ಪನಿಗೆ ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಿದ್ದೆ. ಆದರೆ ಅವರು ಆ ಸುಳ್ಳನ್ನು ಹೊತ್ತು, ನನ್ನನ್ನು ಯಾರು ಯಾವಾಗ ವಾಪಸ್ ಕಳಿಸುತ್ತಾರೋ ಅಂತ ಹೆದರಿ ಹೆದರಿ ಬದುಕಿದರಲ್ಲ. ನನಗೆ ಬೇಡವಾದ ಹೆದರಿಕೆಯನ್ನು ಅವರ ಹೆಗಲಿಗೆ ಬಿಟ್ಟು ನಾನು ಹಾಯಾಗಿದ್ದೆ. ಅದು ನನಗೆ ನಿನ್ನೆ ಹೊಳೆಯಿತು. ತಡೆಯಲಾಗಲಿಲ್ಲ. ಹೊಟ್ಟೆಯಿಂದ ಉಸಿರೆಳೆದು ಅವರದೇ ದನಿಯಲ್ಲಿ ಕೂಗಿದೆ. "ಗೊತ್ತಿತ್ತು ದೊಡ್ಡಪ್ಪಾ! ಎಲ್ಲರಿಗೂ ಗೊತ್ತಿತ್ತು! ಮೊದ್ಲೇ ಗೊತ್ತಿತ್ತು! ಯಾರೂ ಕಳಿಸ್ತಿರಲಿಲ್ಲ ನನ್ನ!"

ಸ್ಪಂಜು ಒಂದು ಅಕ್ಷರವನ್ನೂ ವಾಪಸ್ ಕೊಡಲಿಲ್ಲ. ಬಾಗಿಲು ತೆರೆಯಿತು. ಶಿವು ನಿಂತಿದ್ದ, ಅವನ ಹಿಂದೆ ಕಂಟ್ರಾಕ್ಟರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹೊರಗೆ ಕೇಳ್ತೇನೋ?" ಅಂದೆ.

ಶಿವು ನನ್ನ ಮುಖ ನೋಡಿದ. ಕಂಟ್ರಾಕ್ಟರು ಏನೋ ಹೇಳಲು ಬಾಯಿ ತೆರೆದವನು ಶಿವುವಿನ ಮುಖ ನೋಡಿ ಮುಚ್ಚಿಕೊಂಡ.

"ಏನು ಅಜ್ಜಿ? ಇಲ್ಲಪ್ಪ, ನಮಗೇನೂ ಕೇಳ್ಲಿಲ್ಲ" ಅಂದ ಶಿವು. ಬಂದು ನನ್ನ ಬಲಗಡೆ ನಿಂತು ಕೈ ಹಿಡಿದುಕೊಂಡ.